ಆಕ್ಸಿಲರೇಟರ್ ಒತ್ತಿದರೆ ಟಕ್ ಟಕ್: ಕಾರಿನ ಸದ್ದು ಹುಡುಕುವುದು ಹೇಗೆ?

ಹೋದ ಮಳೆಗಾಲದ ಶುರುವಿನಲ್ಲಿ ನಮ್ಮ ಕಾರಿಗೆ ಒಂದು ಸದ್ದು ಬಂತು. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಏರು ಸಿಕ್ಕಿದ ಕೂಡಲೇ, ಕಾಲು ಒತ್ತಿದರೆ ಹಿಂದಿನಿಂದ 'ಡಬ್'. ಕಾಲು ತೆಗೆದು ಬ್ರೇಕ್ ಹಿಡಿದರೆ ಮತ್ತೊಂದು 'ಡಬ್', ಈ ಸಲ ಸ್ವಲ್ಪ ಮುಂದಿನಿಂದ. ಮೂರು ದಿನ ತಲೆಕೆಡಿಸಿಕೊಂಡೆ. ಹಿಂದಿನ ಬುಷ್ (ಕೀಲಿನ ರಬ್ಬರ್) ಹೋಯ್ತು, ಸೈಲೆನ್ಸರ್ ರಬ್ಬರ್ ಹರೀತು ಅಂತೆಲ್ಲ ಲೆಕ್ಕ ಹಾಕಿದೆ. ನಾಲ್ಕನೇ ದಿನ ಡಿಕ್ಕಿ ತೆಗೆದರೆ ಸ್ಟೆಪ್ನಿ ಪಕ್ಕದ ಗುಂಡಿಯಲ್ಲಿ ಒಂದು ಬಟರ್ ಫ್ರೂಟ್. ತೋಟದಿಂದ ತಂದ ಚೀಲದಿಂದ ಉರುಳಿದ್ದು. ಹಣ್ಣಾಗಿರಲಿಲ್ಲ, ಕಲ್ಲಿನ ಹಾಗಿತ್ತು. ಕಾರು ಮುಂದೆ ನುಗ್ಗಿದರೆ ಅದು ಹಿಂದೆ ಉರುಳಿ ಬಡಿಯುತ್ತಿತ್ತು, ಬ್ರೇಕ್ ಹಿಡಿದರೆ ಮುಂದೆ.

ನಗಬೇಡಿ. ಆ ಹಣ್ಣು ಕೊಟ್ಟ ಸುಳಿವೇ ಈ ಬರಹದ ತಿರುಳು. ಸದ್ದು ಎಲ್ಲಿಂದ ಬರುತ್ತಿದೆ ಅಂತ ನಾನು ಹುಡುಕಿದೆ. ಯಾವಾಗ ಬರುತ್ತಿದೆ ಅಂತ ಒಂದು ನಿಮಿಷ ಕೂತು ಯೋಚಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಕಾರು ಪೂರ್ತಿ ಕಬ್ಬಿಣದ ಡಬ್ಬ. ಮುಂದಿನ ಚಕ್ರದ ಸದ್ದು ಕಾಲಡಿಯಲ್ಲಿ ಕೇಳಿಸುತ್ತದೆ, ಇಂಜಿನ್ನಿನದ್ದು ಡ್ಯಾಶ್‌ಬೋರ್ಡಿನಲ್ಲಿ. ಕಿವಿ ಜಾಗದ ವಿಷಯದಲ್ಲಿ ಮೋಸ ಹೋಗುತ್ತದೆ, ಹೊತ್ತಿನ ವಿಷಯದಲ್ಲಿ ಹೋಗುವುದು ಕಡಿಮೆ. ನಮ್ಮ ಹಳೇ ಜೀಪಿನ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಎಲ್ಲಿ ಅಂತ ಹೇಳ್ಬೇಡಿ ಸಾರ್, ಅದು ನನ್ ಕೆಲಸ. ಯಾವಾಗ ಅಂತ ಹೇಳಿ."

ಮೊದಲು ಖಾಲಿ ಮಾಡಿ, ಆಮೇಲೆ ನಟ್ ನೋಡಿ

ಡಿಕ್ಕಿ ಪೂರ್ತಿ ಖಾಲಿ ಮಾಡಿ. ಜಾಕ್, ವೀಲ್ ಸ್ಪ್ಯಾನರ್, ಸ್ಟೆಪ್ನಿ ಬಿಗಿಯಾಗಿ ಕೂತಿವೆಯಾ ನೋಡಿ. ಸೀಟಿನ ಅಡಿ ಕೈ ಹಾಕಿ. ತೋಟದ ಕಾರುಗಳಲ್ಲಿ ಅಲ್ಲಿ ಕತ್ತಿ, ಕತ್ತರಿ, ನೀರಿನ ಬಾಟಲಿ, ಏನು ಬೇಕಾದರೂ ಸಿಗುತ್ತದೆ. ಏರ್ ಫಿಲ್ಟರ್ ಡಬ್ಬವನ್ನೂ ಒಮ್ಮೆ ತೆಗೆದು ನೋಡಿ. ತೋಟದ ಮನೆಯಲ್ಲಿ ಕಾರು ನಿಲ್ಲಿಸುವವರಿಗೆ ಇಲಿ ಅಲ್ಲಿ ಏನೇನು ತಂದಿಡುತ್ತದೆ ಅಂತ ಹೇಳಬೇಕಾಗಿಲ್ಲ.

ಆಮೇಲೆ ವೀಲ್ ನಟ್. ಇದನ್ನು ಮಾತ್ರ ತಪ್ಪಿಸಬೇಡಿ. ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ, ಟೈರ್ ಬದಲಿಸಿದ್ದರೆ, ಸದ್ದು ಅದರ ಮಾರನೇ ದಿನದಿಂದಲೇ ಶುರುವಾಗಿದ್ದರೆ, ಬೇರೆ ಏನನ್ನೂ ನೋಡಬೇಡಿ. ಸ್ಪ್ಯಾನರ್ ತೆಗೆದು ನಾಲ್ಕೂ ಚಕ್ರದ ನಟ್ ಎದುರು ಬದುರಾಗಿ ಬಿಗಿ ಮಾಡಿ. ಸಡಿಲವಾದ ಚಕ್ರ ಕಾಲು ಒತ್ತಿದಾಗ, ತಿರುವಿನಲ್ಲಿ 'ಕಟ ಕಟ' ಅನ್ನುತ್ತದೆ. ಘಾಟಿಯಲ್ಲಿ ಅದು ಕಳಚಿಕೊಂಡರೆ ಏನಾಗುತ್ತದೆ ಅಂತ ಬರೆಯುವುದು ಬೇಡ.

ಸದ್ದನ್ನು ಎಣಿಸಿ

ಇಷ್ಟಾದ ಮೇಲೂ ಸದ್ದು ಉಳಿದರೆ, ಗಾಜು ಇಳಿಸಿ, ಹಾಡು ಆಫ್ ಮಾಡಿ, ಫ್ಯಾನ್ ಆಫ್ ಮಾಡಿ, ಒಂದು ಗೋಡೆ ಅಥವಾ ಬರೆಯ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬದ) ಪಕ್ಕದಲ್ಲಿ ನಿಧಾನಕ್ಕೆ ಓಡಿಸಿ. ಸದ್ದು ಬರೆಗೆ ಬಡಿದು ವಾಪಸ್ ಬರುವುದರಿಂದ ಒಳಗೆ ಕೇಳದ್ದು ಹೊರಗಿನಿಂದ ಕೇಳುತ್ತದೆ. ನಮ್ಮಲ್ಲಿ ಬರೆಗೇನು ಕೊರತೆ?

ಈಗ ಎಣಿಸಿ. ಮೂರೇ ಥರ.

ಕಾಲು ಒತ್ತಿದಾಗ ಒಂದೇ ಒಂದು ಏಟು, ಬಿಟ್ಟಾಗ ಇನ್ನೊಂದು. ನಡುವೆ ಮೌನ. ಇದು ಎಲ್ಲೋ ಒಂದು ಕಡೆ ಸಡಿಲ ಇದೆ, ಭಾರ ಅತ್ತಿಂದಿತ್ತ ಹೊರಳುತ್ತಿದೆ ಅಂತ ಅರ್ಥ.

ಟಕ್, ಟಕ್, ಟಕ್ ಅಂತ ಎಣಿಸಲು ಸಿಗುವ ಸದ್ದು. ಇದು ಚಕ್ರದ ಕಡೆಯದ್ದು. ಚಿಕ್ಕ ಕಾರಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ 1.8 ಮೀಟರ್ ಓಡುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಒಂದೂವರೆ ಸುತ್ತು. ಬೆರಳು ಮಡಚಿ ಎಣಿಸಬಹುದು.

ಎಣಿಸಲು ಆಗದ, ಹೊಲಿಗೆ ಯಂತ್ರದ ಹಾಗೆ ಒಂದರ ಮೇಲೊಂದು ಬೀಳುವ ಸದ್ದು. ಇದು ಇಂಜಿನ್ನಿನದ್ದು. 2,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 33 ಸುತ್ತು. ಯಾವ ಬೆರಳಿಗೂ ಸಿಗುವುದಿಲ್ಲ.

ಅನುಮಾನ ಉಳಿದರೆ ಇನ್ನೊಂದು ಉಪಾಯ. ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ ಎರಡನೇ ಗೇರಿನಲ್ಲಿ ಹೋಗಿ, ಅದೇ ವೇಗದಲ್ಲಿ ಮೂರಕ್ಕೆ ಹಾಕಿ. ಚಕ್ರದ ವೇಗ ಬದಲಾಗಲಿಲ್ಲ, ಇಂಜಿನ್ನಿನದ್ದು ಇಳಿಯಿತು. ಸದ್ದಿನ ಲಯವೂ ಇಳಿದರೆ ಇಂಜಿನ್. ಲಯ ಹಾಗೇ ಇದ್ದರೆ ಚಕ್ರ. ಕಾಸಿಲ್ಲದ ಪರೀಕ್ಷೆ ಇದು, ಆದರೂ ಅರ್ಧ ಗ್ಯಾರೇಜುಗಳಲ್ಲಿ ಮಾಡುವುದಿಲ್ಲ.

ಕೊನೆಗೆ ನಿಂತಲ್ಲೇ ಒಂದು ಪರೀಕ್ಷೆ. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ನನ್ನು 2,500 ತನಕ ನಿಧಾನಕ್ಕೆ ಏರಿಸಿ. ಇಲ್ಲೂ ಸದ್ದು ಬಂದರೆ ಇಂಜಿನ್ ಅಥವಾ ಸೈಲೆನ್ಸರ್ ಕಡೆ ಹೋಗಿ. ಬಾರದಿದ್ದರೆ, ಭಾರ ಬಿದ್ದಾಗ ಅಥವಾ ಚಕ್ರ ಓಡುವಾಗ ಮಾತ್ರ ಬರುವ ಸದ್ದು ಅದು.

ಒಂದೇ ಏಟು ಬಿದ್ದರೆ

ಮೊದಲ ಅನುಮಾನ ಇಂಜಿನ್ ಮೌಂಟಿಂಗ್ ಮೇಲೆ. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ರಬ್ಬರ್ ಸೀಳಿದರೆ ಕಾಲು ಒತ್ತಿದಾಗ ಇಂಜಿನ್ ಒಂದು ಕಡೆ ವಾಲಿ 'ಧಡ್' ಅನ್ನುತ್ತದೆ. ಮೊದಲ ಗೇರಿನಲ್ಲಿ ಏರಿನಲ್ಲಿ ಎತ್ತುವಾಗ ಜಾಸ್ತಿ. ಗೇರ್ ಲಿವರ್ ಕೂಡ ಜೊತೆಗೇ ಹಿಂದೆ ಮುಂದೆ ಎಳೆದರೆ ಬಹುತೇಕ ಖಚಿತ.

ನೋಡುವ ರೀತಿ ಹೀಗೆ. ಸಮತಟ್ಟು ಜಾಗ, ಚಕ್ರಕ್ಕೆ ಕಲ್ಲು, ಹ್ಯಾಂಡ್‌ಬ್ರೇಕ್ ಬಿಗಿ, ಬಲಗಾಲು ಗಟ್ಟಿಯಾಗಿ ಬ್ರೇಕ್ ಮೇಲೆ. ಬಾನೆಟ್ ತೆರೆದು ಇನ್ನೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ. ಪಕ್ಕದಲ್ಲಿ, ಎದುರಲ್ಲ. ಮೊದಲ ಗೇರ್ ಹಾಕಿ, ಇಂಜಿನ್ ಸ್ವಲ್ಪ ನರಳುವ ತನಕ ಮಾತ್ರ ಕ್ಲಚ್ ಬಿಡಿ, ತಕ್ಷಣ ಒತ್ತಿ. ಆಮೇಲೆ ರಿವರ್ಸ್‌ನಲ್ಲಿ ಅದೇ. ಇಂಜಿನ್ ಸ್ವಲ್ಪ ಅಲುಗುವುದು ಸಹಜ. ಎರಡು ಮೂರು ಇಂಚು ಎದ್ದು ಕೂತರೆ ಮೌಂಟಿಂಗ್ ಹೋಗಿದೆ. ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ, ಕ್ಲಚ್ ಸುಡುತ್ತದೆ.

ಇಲ್ಲಿ ನನ್ನ ಹೊಟ್ಟೆ ಉರಿ ಒಂದು ಇದೆ. ಕೆಲವು ವರ್ಷದ ಹಿಂದೆ ಇದೇ ಸದ್ದಿಗೆ ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿ ಬಿಲ್ಲು ಕೈಗಿಟ್ಟರು. ಗೇಟು ದಾಟುವಷ್ಟರಲ್ಲಿ 'ಧಡ್'. ಶಾಕ್, ಲಿಂಕ್ ರಾಡ್, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ಬಾಲ್ ಜಾಯಿಂಟ್, ಇವೆಲ್ಲ ಸಾಮಾನ್ಯವಾಗಿ ಹಳ್ಳ ದಿಣ್ಣೆಯಲ್ಲಿ ಮಾತಾಡುತ್ತವೆ, ಕಾಲು ಒತ್ತಿದಾಗಲ್ಲ. ನುಣುಪು ರಸ್ತೆಯಲ್ಲೂ ಬರುವ ಸದ್ದಿಗೆ ಶಾಕ್ ಬದಲಿಸಿಕೊಳ್ಳಬೇಡಿ. ಲೋಯರ್ ಆರ್ಮ್‌ನ ಹಿಂದಿನ ಬುಷ್ ಮಾತ್ರ ಇದಕ್ಕೆ ಹೊರತು. ಅದು ಸವೆದರೆ ಕಾಲು ಒತ್ತಿದಾಗ, ಬ್ರೇಕ್ ಹಿಡಿದಾಗ ಚಕ್ರವೇ ಹಿಂದೆ ಮುಂದೆ ಸರಿದು ಒಂದು ಮಂದ ಏಟು ಕೊಡುತ್ತದೆ.

ಜೀಪು, ಪಿಕಪ್, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಯಾವುದೇ ಗಾಡಿ ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಹತ್ತಿರ ಹೋಗಿ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದದ ಕಂಬಿ ಅದು. ಎರಡು ತುದಿಯಲ್ಲೂ ಕ್ರಾಸ್, ಅಂದರೆ ಅಡ್ಡಕಂಬಿಯ ಕೀಲು, ಇರುತ್ತದೆ. ಕೆಸರು ನೀರಿನಲ್ಲಿ ಓಡಿಸಿ ಗ್ರೀಸ್ ಹೊಡೆಸದೆ ಬಿಟ್ಟರೆ ಅದರ ಸೂಜಿ ಬೇರಿಂಗ್ ತುಕ್ಕು ಹಿಡಿದು ಪುಡಿಯಾಗುತ್ತದೆ. ಇಂಜಿನ್ ಆಫ್ ಮಾಡಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಶಾಫ್ಟನ್ನು ಕೈಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ. ಕ್ರಾಸಿನ ಒಂದು ಬದಿ ತಿರುಗಿ ಇನ್ನೊಂದು ಬದಿ ತಡವಾಗಿ ತಿರುಗಿದರೆ, ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ, ಆ ಕ್ರಾಸ್ ಮುಗಿಯಿತು. ಇದನ್ನು ಮುಂದೂಡಬೇಡಿ. ಓಡುವಾಗ ಶಾಫ್ಟ್ ಕಳಚಿ ನೆಲಕ್ಕೆ ಬಿದ್ದರೆ ಗಾಡಿಯನ್ನೇ ಎತ್ತಿ ಹಾಕುತ್ತದೆ.

ಅಡಿ ಮಲಗುವುದರ ಬಗ್ಗೆ ಎರಡು ಮಾತು. ಬರೀ ಜಾಕ್ ನಂಬಿ ಯಾವತ್ತೂ ಅಡಿ ಹೋಗಬೇಡಿ. ಸ್ಟ್ಯಾಂಡ್ ಕೊಡಿ. ನಮ್ಮ ಮಣ್ಣು ಜೂನ್ ನಂತರ ಬೆಣ್ಣೆ, ಜಾಕ್ ಅಡಿಗೆ ಅಗಲದ ಹಲಗೆ ಬೇಕು. ಸಾಧ್ಯ ಇದ್ದರೆ ಕಾಫಿ ಕಣದಲ್ಲೇ ಮಾಡಿ. ಗಟ್ಟಿ, ಸಮತಟ್ಟು, ಮೇಲಾಗಿ ಜಿಗಣೆ ಕಡಿಮೆ. ಹುಲ್ಲಿನ ಮೇಲೇ ಮಲಗಬೇಕಾಗಿ ಬಂದರೆ ಉಪ್ಪಿನ ಗಂಟು ಪಕ್ಕದಲ್ಲಿರಲಿ.

ಎಣಿಸಲು ಸಿಕ್ಕರೆ

ಕಣಕ್ಕೆ ಇನ್ನೊಂದು ಉಪಯೋಗ ಇದೆ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ, ಮೊದಲ ಗೇರಿನಲ್ಲಿ ಸ್ವಲ್ಪ ಕಾಲು ಒತ್ತಿಕೊಂಡು ಸುತ್ತು ಹಾಕಿ. ಆಮೇಲೆ ಬಲಕ್ಕೆ. 'ಕಟ್ ಕಟ್ ಕಟ್' ಅಂತ ಬಂದರೆ, ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್, ನಮ್ಮವರು 'ಆಕ್ಸೆಲ್ ಹೋಗಿದೆ' ಅನ್ನುವುದು ಇದಕ್ಕೇ. ಎಡಕ್ಕೆ ತಿರುಗುವಾಗ ಜಾಸ್ತಿ ಕೇಳಿದರೆ ಸಾಮಾನ್ಯವಾಗಿ ಬಲಗಡೆಯದ್ದು, ಬಲಕ್ಕೆ ತಿರುಗುವಾಗ ಕೇಳಿದರೆ ಎಡಗಡೆಯದ್ದು.

ಕಣ್ಣಲ್ಲೇ ನೋಡಬಹುದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಚಕ್ರದ ಹಿಂದೆ ಟಾರ್ಚ್ ಬಿಡಿ. ಅಕಾರ್ಡಿಯನ್ ಥರ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಬೂಟ್ ಕಾಣುತ್ತದೆ. ಒಂದೊಂದೇ ಮಡಿಕೆ ಬಿಡಿಸಿ ಬೆರಳಾಡಿಸಿ. ಸೀಳು ಇರುವುದು ಮಡಿಕೆಯ ತಳದಲ್ಲಿ, ಮೇಲಿನಿಂದ ಕಾಣುವುದಿಲ್ಲ. ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿದ್ದರೆ ಸೀಳು ಗ್ಯಾರಂಟಿ. ಆ ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡಿ. ಕಪ್ಪಗೆ ನುಣ್ಣಗೆ ಇದ್ದರೆ ಇನ್ನೂ ಪುಣ್ಯ, ಬೂಟ್ ಬದಲಿಸಿ ಹೊಸ ಗ್ರೀಸ್ ತುಂಬಿದರೆ ಜಾಯಿಂಟ್ ಉಳಿಯಬಹುದು. ನಮ್ಮ ಕೆಮ್ಮಣ್ಣು ಸೇರಿ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಒಳಗೆ ರವೆಯ ಹಾಗೆ ಕೈಗೆ ಸಿಕ್ಕರೆ, ಬೂಟಿಗೆ ಖರ್ಚು ಮಾಡಬೇಡಿ. ಜಾಯಿಂಟ್ ಸವೆದಾಗಿದೆ.

ನೇರ ರಸ್ತೆಯಲ್ಲಿ, ಏರಿನಲ್ಲಿ ಕಾಲು ಒತ್ತಿದಾಗ ಮಾತ್ರ ಕಾರು ನಡುಗಿ, ಕಾಲು ಬಿಟ್ಟರೆ ನಿಂತರೆ ಒಳಗಿನ ಜಾಯಿಂಟ್ ಮೇಲೆ ಅನುಮಾನ ಪಡಿ. ಇದು ಗೇರ್‌ಬಾಕ್ಸ್ ಹತ್ತಿರ ಇರುತ್ತದೆ.

ಕಾಲು ಒತ್ತಿದರೂ ಬಿಟ್ಟರೂ ಒಂದೇ ಥರ ಎಣಿಸಲು ಸಿಕ್ಕರೆ, ಟೈರಿನ ಹಲ್ಲುಗಳ ಸಂದಿಯಲ್ಲಿ ಸಿಕ್ಕಿದ ಜಲ್ಲಿ ಕಲ್ಲು ನೋಡಿ. ಎಷ್ಟೋ ಸಲ ಅಷ್ಟೇ.

ಎಣಿಸಲು ಸಿಗದಿದ್ದರೆ: ಘಾಟಿಯ ಕಾಯಿಲೆ

ಕೊಡಗಿನಲ್ಲಿ ಕಾರು ಓಡಿಸುವವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಏರಿನಲ್ಲಿ ಕಾಲು ಒತ್ತಿದಾಗ, ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ, ತೆಳ್ಳಗೆ 'ಕಿಣಿ ಕಿಣಿ ಕಿಣಿ'. ಸಮತಟ್ಟಿಗೆ ಬಂದರೆ ಮಾಯ. ಇದೇ ನಾಕಿಂಗ್. ಸ್ಪಾರ್ಕ್ ಹಚ್ಚಿದ ಬೆಂಕಿ ಸಿಲಿಂಡರಿನಲ್ಲಿ ಹದವಾಗಿ ಹರಡಬೇಕು. ಅದು ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ಗಾಳಿ ಬಿಸಿಗೂ ಒತ್ತಡಕ್ಕೂ ತಾನಾಗಿ ಸಿಡಿದರೆ ಈ ಸದ್ದು. ಅಪರೂಪಕ್ಕೆ ಒಂದು ಕ್ಷಣ ಬಂದರೆ ಪರವಾಗಿಲ್ಲ. ದಿನಾ ಬಂದರೆ ಪಿಸ್ಟನ್ನಿನ ತಲೆಯೇ ತೂತಾಗಬಹುದು.

ಮೊದಲು ನಿಮ್ಮ ಕಾಲನ್ನೇ ಪರೀಕ್ಷಿಸಿ. ಸಂಪಾಜೆಯಿಂದ ಮಡಿಕೇರಿಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಏರು. ಲಾರಿ ಹಿಂದೆ ಸಿಕ್ಕಿಕೊಂಡು 30ಕ್ಕೆ ಇಳಿದಿದ್ದೀರಿ. ಗೇರ್ ಮಾತ್ರ ಮೂರರಲ್ಲೇ ಇದೆ. ಪೆಟ್ರೋಲ್ ಉಳಿಯಲಿ ಅಂತ ಎರಡಕ್ಕೆ ಹಾಕದೆ ಕಾಲನ್ನು ತಳಕ್ಕೆ ಒತ್ತುತ್ತೀರಿ. ಇಂಜಿನ್ ನರಳುತ್ತದೆ, ಕಿಣಿ ಕಿಣಿ ಶುರು. ಎರಡಕ್ಕೆ ಹಾಕಿ. ಸದ್ದು ನಿಂತರೆ ಅರ್ಧ ರೋಗ ಓಡಿಸುವ ರೀತಿಯದ್ದು. ಪೆಟ್ರೋಲೂ ಇದರಿಂದ ಉಳಿಯುವುದಿಲ್ಲ. ಹೊಸ ಟರ್ಬೊ ಪೆಟ್ರೋಲ್ ಕಾರಿನವರಂತೂ 1,500 ಆರ್‌ಪಿಎಂಗಿಂತ ಕೆಳಗೆ ದೊಡ್ಡ ಗೇರಿನಲ್ಲಿ ಕಾಲು ತಳಕ್ಕೆ ಒತ್ತಲೇಬಾರದು. ಆ ಇಂಜಿನ್‌ಗಳಲ್ಲಿ ಕಿಡಿಗೆ ಮುಂಚೆಯೇ ಹೊತ್ತಿಕೊಳ್ಳುವ ಕಾಯಿಲೆ ಒಂದು ಬೇರೆ ಇದೆ, ಒಂದೆರಡು ಏಟಿಗೇ ಪಿಸ್ಟನ್ ಒಡೆಯಬಲ್ಲದು.

ಒಂದು ಸ್ವಾರಸ್ಯ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು ಶೇ. 12 ಕಡಿಮೆ. ಹಾಗಾಗಿ ಟರ್ಬೊ ಇಲ್ಲದ ಇಂಜಿನ್ ಮೇಲೆ ಬಂದಷ್ಟೂ ಕಡಿಮೆ ನಾಕ್ ಮಾಡಬೇಕು. ಮಧ್ಯಾಹ್ನದ ಸೆಕೆಯಲ್ಲಿ ಸಂಪಾಜೆ ಬುಡದಲ್ಲಿ ಸ್ವಲ್ಪ ಕಿಣಿಗುಟ್ಟಿ ಮಡಿಕೇರಿಯಲ್ಲಿ ಸುಮ್ಮನಾದರೆ ಗಾಬರಿ ಬೇಡ. ರಾಜಾಸೀಟಿನ ಚಳಿಯಲ್ಲೂ ಕಿಣಿಗುಟ್ಟಿದರೆ ಒಳಗೆ ಏನೋ ಸರಿ ಇಲ್ಲ.

ಏನಿರಬಹುದು? ಸುಲಭದಿಂದ ಕಷ್ಟಕ್ಕೆ ಹೋಗಿ. ರೇಡಿಯೇಟರಿನಲ್ಲಿ ಕೂಲೆಂಟ್ ಇದೆಯಾ, ಬಿಸಿ ಮುಳ್ಳು ಮಾಮೂಲಿಗಿಂತ ಮೇಲೆ ಇದೆಯಾ? ಬಿಸಿ ಇರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ. ಇಲಿ ಕಡಿದ ವ್ಯಾಕ್ಯೂಮ್ ಪೈಪ್ ಇದೆಯಾ? ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋದರೆ ಪೆಟ್ರೋಲ್ ಕಡಿಮೆಯಾಗಿ ನಾಕ್ ಬರುತ್ತದೆ. ಪ್ಲಗ್ ಬದಲಿಸುವಾಗ ನಂಬರ್ ತಪ್ಪಿತಾ? ಹಳೇ ಡಿಸ್ಟ್ರಿಬ್ಯೂಟರ್ ಇಂಜಿನ್ ಆದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಮುಂದಕ್ಕೆ ಸರಿದಿದೆಯಾ? ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ಬರೀ ಎರಡು ಮೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಇಂಗಾಲ ಕಟ್ಟುವುದೂ ಮಾಮೂಲು.

ಖಚಿತ ಮಾಡಿಕೊಳ್ಳಲು ಒಂದು ಅಗ್ಗದ ಪರೀಕ್ಷೆ. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಮಾಮೂಲಿಗಿಂತ ಜಾಸ್ತಿ ಆಕ್ಟೇನಿನ, ಅಂದರೆ ಸುಲಭಕ್ಕೆ ತಾನಾಗಿ ಸಿಡಿಯದ, ಪೆಟ್ರೋಲ್ ಹತ್ತು ಲೀಟರ್ ಹಾಕಿಸಿ. ಅದೇ ಏರು, ಅದೇ ಗೇರು, ಅಷ್ಟೇ ಜನ. ಸದ್ದು ಹೋದರೆ ಅದು ನಾಕಿಂಗೇ. ಹಾಗಂತ ಜೀವನಪೂರ್ತಿ ದುಬಾರಿ ಪೆಟ್ರೋಲ್ ಹಾಕಿಸಿ ಮುಚ್ಚಿಡಬೇಡಿ, ಮೂಲ ಹುಡುಕಿ. ಈಗಿನ ಕಾರುಗಳಲ್ಲಿ ನಾಕ್ ಸೆನ್ಸರ್ ಇದ್ದು ತಾನೇ ಟೈಮಿಂಗ್ ಹಿಂದಕ್ಕೆ ಸರಿಸಿಕೊಳ್ಳುತ್ತದೆ. ಆದರೂ ಸದ್ದು ಕೇಳುತ್ತಿದೆ ಅಂದರೆ ಸ್ಕ್ಯಾನರ್ ಹಾಕಿಸಿ. ಪಿ0325 ಅನ್ನುವ ಕೋಡ್ ಬಂದರೆ ನಾಕ್ ಸೆನ್ಸರಿನ ಸರ್ಕ್ಯೂಟಿನದ್ದೇ ತೊಂದರೆ. ಅದರ ವೈರನ್ನೂ ಇಲಿ ಬಿಟ್ಟಿರಲಿಕ್ಕಿಲ್ಲ.

ನಾಕಿಂಗ್ ಅಂತ ಮೋಸ ಮಾಡುವ ಎರಡು ಸದ್ದಿವೆ. ಒಂದು, ಸೈಲೆನ್ಸರಿನ ಮೇಲಿರುವ ತೆಳು ತಗಡು. ಅದರ ಬೋಲ್ಟ್ ತುಕ್ಕು ಹಿಡಿದು ಬಿಟ್ಟರೆ ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಝಣಝಣ ಅನ್ನುತ್ತದೆ. ತಣ್ಣಗಿರುವಾಗ ಕೈಯಲ್ಲಿ ಗುದ್ದಿ ನೋಡಿ, ಅದೇ ಸದ್ದು ಬಂದರೆ ಒಂದು ಕ್ಲ್ಯಾಂಪಿನ ಕೆಲಸ. ಎರಡು, ಇಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿಕೆ. ಬೆಳಿಗ್ಗೆ ತಣ್ಣಗಿರುವಾಗ 'ಟಿಕ್ ಟಿಕ್' ಜೋರು, ಬಿಸಿಯಾದ ಮೇಲೆ ಕಡಿಮೆ. ಸೇರುವ ಜಾಗದಲ್ಲಿ ಕಪ್ಪು ಮಸಿ ಇರುತ್ತದೆ. ಹೊಗೆ ಕಾರಿನೊಳಗೆ ಬರಬಹುದು, ತಡ ಮಾಡಬೇಡಿ.

ಡೀಸೆಲ್ ಗಾಡಿ ಚಳಿಗೆ ಸ್ವಲ್ಪ ಬಡಿಯುವುದು ಅದರ ಹುಟ್ಟುಗುಣ. ಇದ್ದಕ್ಕಿದ್ದ ಹಾಗೆ ಜಾಸ್ತಿಯಾದರೆ ಮೊದಲು ಡೀಸೆಲ್ ಫಿಲ್ಟರಿನ ನೀರು ಬಸಿದು ನೋಡಿ, ಆಮೇಲೆ ಇಂಜೆಕ್ಟರ್. ಕಾಮನ್ ರೈಲ್ (ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಇಂಜಿನ್ ಆದರೆ ಇಂಜೆಕ್ಟರ್ ಪೈಪಿಗೆ ಸ್ಪ್ಯಾನರ್ ಹಾಕಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ದಪ್ಪ ದನಿ ಕೇಳಿದರೆ ನಿಲ್ಲಿಸಿ

ತೆಳ್ಳಗಿನ ಕಿಣಿ ಕಿಣಿ ಅಲ್ಲ, ಇಂಜಿನ್ನಿನ ತಳದಿಂದ 'ಡಗ ಡಗ ಡಗ'. ಮರದ ಬಾಗಿಲನ್ನು ಗೆಣ್ಣಿನಲ್ಲಿ ಬಡಿದ ಹಾಗೆ. ಆರ್‌ಪಿಎಂ ಜೊತೆಗೇ ಏರುತ್ತದೆ, ಭಾರ ಬಿದ್ದರೆ ಜೋರಾಗುತ್ತದೆ, ನ್ಯೂಟ್ರಲ್‌ನಲ್ಲೂ ಕೇಳುತ್ತದೆ. ಇದು ಬಿಗ್ ಎಂಡ್ ಬೇರಿಂಗ್, ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದ್ದು. ಜೊತೆಗೆ ಆಯಿಲ್ ದೀಪ ಮಿಣುಕಿದರೆ ಅನುಮಾನವೇ ಬೇಡ.

ಕಾರನ್ನು ಬದಿಗೆ ಹಾಕಿ, ಆಫ್ ಮಾಡಿ. ಹತ್ತು ನಿಮಿಷ ಬಿಟ್ಟು, ಸಮತಟ್ಟಿನಲ್ಲಿ ಡಿಪ್ ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಆಯಿಲ್ ಕೆಳಗಿನ ಗುರುತಿಗಿಂತ ಕೆಳಗಿದ್ದರೆ ತುಂಬಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಬಹುದು. ಮೇಲಿನಿಂದ ಬರುವ ಹಗುರ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದಾದರೆ ಇಷ್ಟಕ್ಕೇ ಹೋಗಲೂಬಹುದು. ತಳದ ಡಗಡಗ ಉಳಿದರೆ ಮತ್ತೆ ಆಫ್ ಮಾಡಿ, ಟೋ ಮಾಡಿಸಿ. ಇಲ್ಲಿ ನಿಲ್ಲಿಸಿದರೆ ಬೇರಿಂಗ್ ಮತ್ತು ಕ್ರ್ಯಾಂಕ್ ಕೆಲಸ. ಇನ್ನು ಹತ್ತು ಕಿಲೋಮೀಟರ್ ಓಡಿಸಿದರೆ ರಾಡ್ ಮುರಿದು ಬ್ಲಾಕ್ ಒಡೆದು ಹೊರಗೆ ಬರಬಹುದು. 'ಹೇಗೂ ಇಳಿಜಾರು ತಾನೇ, ಆಫ್ ಮಾಡಿ ಇಳಿಸ್ತೀನಿ' ಅನ್ನುವ ಬುದ್ಧಿವಂತಿಕೆ ಬೇಡ. ಇಂಜಿನ್ ಆಫ್ ಆದರೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ, ಪವರ್ ಸ್ಟೇರಿಂಗೂ ಇರುವುದಿಲ್ಲ.

ಮೆಕ್ಯಾನಿಕ್ ಹತ್ತಿರ ಹೋಗುವಾಗ

'ಏನೋ ಸೌಂಡ್ ಬರ್ತಿದೆ, ಸ್ವಲ್ಪ ನೋಡಿ' ಅಂದರೆ ಅವರೂ ಸ್ವಲ್ಪವೇ ನೋಡುತ್ತಾರೆ. ಒಂದು ಚೀಟಿ ಬರೆದುಕೊಂಡು ಹೋಗಿ. ನನ್ನದು ಹೀಗಿತ್ತು: 'ಒಂದೇ ಏಟು. ಮೊದಲ ಗೇರಿನಲ್ಲಿ ಎತ್ತುವಾಗ, ರಿವರ್ಸ್ ಹಾಕುವಾಗ. ಇಂಜಿನ್ ತಣ್ಣಗಿದ್ದರೂ ಬಿಸಿ ಇದ್ದರೂ ಒಂದೇ. ನುಣುಪು ರಸ್ತೆಯಲ್ಲೂ ಬರುತ್ತದೆ. ನ್ಯೂಟ್ರಲ್‌ನಲ್ಲಿ ಇಲ್ಲ. ವೀಲ್ ನಟ್ ನೋಡಿದ್ದೇನೆ, ಡಿಕ್ಕಿ ಖಾಲಿ.'

ಶಾಕ್ ಬದಲಿಸಿದ ಮೇಲೂ ಉಳಿದಿದ್ದ ಆ 'ಧಡ್' ಬಗ್ಗೆ ಬರೆದ ಚೀಟಿ ಇದು. ಎರಡನೇ ಮೆಕ್ಯಾನಿಕ್ ಓದಿದರು. ಅವರನ್ನೇ ಸ್ಟೇರಿಂಗ್ ಮುಂದೆ ಕೂರಿಸಿ, ಸದ್ದು ಬರುವ ಅದೇ ಏರಿಗೆ ಕರೆದುಕೊಂಡು ಹೋದೆ. ಇದನ್ನು ನೀವೂ ಮಾಡಿ, ಗ್ಯಾರೇಜಿನ ಅಂಗಳದಲ್ಲಿ ಸದ್ದು ಬರುವುದೇ ಇಲ್ಲ. ವಾಪಸ್ ಬಂದು ಬಾನೆಟ್ ಎತ್ತಿ, ಒಂದು ಉದ್ದದ ಸ್ಕ್ರೂಡ್ರೈವರನ್ನು ಗೇರ್‌ಬಾಕ್ಸ್ ಕಡೆಯ ಮೌಂಟಿಂಗಿನ ಸಂದಿಗೆ ಕೊಟ್ಟು ಮೀಟಿದರು. ರಬ್ಬರ್ ಎರಡು ತುಟಿ ಬಿಟ್ಟ ಹಾಗೆ ತೆರೆದುಕೊಂಡಿತು. "ಶಾಕ್ ಹೊಸದು ಹಾಕಿದೀರಲ್ಲ ಸಾರ್, ಚೆನ್ನಾಗಿದೆ" ಅಂದರು.